ದೂರದ ಟೊಂಗೆಯ ಸುದ್ದಿ

ಹಾತಕಣಂಗಲೆ

ಮಕ್ಕಳೇ, ನಿಮಗೆ ಬೇಕಾಗಿರುವುದು ಹಡಗಿನ ಕಥೆ, ಹಿಮದ ಕಥೆ. ಅವೆರಡೂ ಇದರಲ್ಲಿ ಬರುತ್ತವೆ. ಆದರೆ ನಾನು ಇಷ್ಟು ಕಾಗದ ಖರ್ಚು ಮಾಡುತ್ತಿರುವುದು ಅವಕ್ಕಾಗಿ ಅಲ್ಲ. ನಿಮ್ಮ ಸುಮತಿ ಅತ್ತೆ ವಿಲಾಯತಿಗೆ ಹೋಗಿ ಏನು ಮಾಡಿದಳು, ಏನು ಮಾಡಲಿಲ್ಲ ಎಂಬುದನ್ನು ಊರಿನವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಆಗ ಅವಳ ಜೊತೆಗಿದ್ದವಳು ಅವಳ ತಾಯಿ, ನಿಮ್ಮ ಅಜ್ಜಿ, ನಾನು. ನಾಲ್ಕು ಜನ ಕೂತರೆ ನನಗೆ ಬಾಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿ ದಂಡೆಯ ಹಳ್ಳಿಯಲ್ಲಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದು ಬರಹಕ್ಕೆ ಸಾಲುವಷ್ಟು ಕಲಿತೆ. ಕೊಟ್ಟದ್ದು ಇಚಲಕರಂಜಿಯ ಮಗ್ಗದ ಮನೆಗೆ. ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮಪ್ಪ ಮಗ್ಗದ ಕೆಲಸ ಹಿಡಿದಿದ್ದ, ಸುಮತಿ ಇನ್ನೂ ಶಾಲೆಯಲ್ಲಿದ್ದಳು.

ಅವಳು ಮುಂಬಯಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಾಗ ಒಂದು ದೀಪಾವಳಿಗೆ ಮನೆಗೆ ಬಂದವಳು ತಾಟಿನ ಮುಂದೆ ಕೂತು ತುತ್ತು ಎತ್ತಲಿಲ್ಲ. ಏನೆಂದು ಕೇಳಿದೆ.

"ಕಾಲೇಜಿನ್ಯಾಗ ಕಪ್ಪಿ ಕೊಟ್ಟಿದ್ರವ್ವಾ. ಜೀವ ಇದ್ದದ್ದು. ಅದರ ಕುತಗಿ ಹಿಂದ ಸೂಜಿ ಚುಚ್ಚಿ ಮಿದುಳ ಕೆಡಸೂ ಪಾಠ. ಚುಚ್ಚಿದೆ. ಅದು ಸತ್ತ ಮ್ಯಾಲೂ ಕಾಲ ಝಾಡಸ್ತಿತ್ತು. ತಲಿ ಇಲ್ಲ, ಜೀವ ಇಲ್ಲ, ಆ ಕಾಲಿಗೆ ಹೇಳಾವ್ರು ಯಾರು?"

ನಾವು ಜೈನರು. ಬೆಳೆಯಲ್ಲಿ ಹುಳ ಬಿದ್ದರೂ ನಿಮ್ಮ ಮುತ್ತಜ್ಜ ಅದನ್ನು ಮೊರದಲ್ಲಿ ತುಂಬಿ ಬೇಲಿಯಾಚೆ ಬಿಟ್ಟು ಬರುತ್ತಿದ್ದ ಮನೆತನ. ಚಾತುರ್ಮಾಸಕ್ಕೆ ಬಂದ ಮುನಿಗಳು ಇನ್ನೂ ಊರಲ್ಲಿದ್ದರು. ನಾನೇ ಸುಮತಿಯನ್ನು ಬಸದಿಗೆ ಕರೆದುಕೊಂಡು ಹೋದೆ. ಇನ್ನು ಮುಂದೆ ಜೀವವಧೆ ಮಾಡುವುದಿಲ್ಲವೆಂದು ಅವಳು ಅವರ ಎದುರು ವ್ರತ ತೆಗೆದುಕೊಂಡಳು. ಆಮೇಲೆ ಊಟ ಮಾಡಿದಳು. ಆದರೆ ಆ ಕಾಲಿಗೆ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಡಾಕ್ಟರಾದ ಮೇಲೆ ಅದನ್ನೇ ಓದಲು ಎಡಿನ್‌ಬರೋ ಎಂಬ ಊರಿಗೆ ಹೊರಟು ನಿಂತಳು.

ನನ್ನ ಮೈದುನ ಬಾಳಗೌಡರು ಕಟ್ಟೆಯ ಮೇಲೆ ಕೂತು ಹೇಳಿದರು. "ವೈನಿ, ಹುಡುಗಿ ದವಾಖಾನಿ ತಗದ ಕುಂತ್ರ ನಾಕ ಮಂದಿಗೆ ಉಪಕಾರ ಆಕ್ಕೈತಿ. ಮಂದಿ ತಲಿಯಾಗಿನ ಎಳಿ ಎಣಸಾಕ ಅಷ್ಟ ದೂರ ಹೋಗಬೇಕೇನು? ಎಣಸೂದ ಇದ್ರ ನಮ್ಮ ಮಗ್ಗದಾಗ ಎಳಿ ಕಡಿಮಿ ಅದಾವ?"

"ಆಕಿ ವ್ರತ ಆಕಿ ಜೋಡಿ ಐತ್ರಿ. ಹೋಗಲಿ ಬಿಡ್ರಿ," ಎಂದೆ. ನಾನು ಬಾಳಗೌಡರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ದೊಡ್ಡ ಡಿಗ್ರಿ ತಗೊಂಡ ಬರತಾಳ, ನೋಡ್ರಿ," ಎಂದೂ ಸೇರಿಸಿಬಿಟ್ಟೆ. ಆ ಮಾತಿನ ಭಾರ ಆಮೇಲೆ ಗೊತ್ತಾಯಿತು.

ಮೂರನೆಯ ವರ್ಷ ಅವಳಿಗೆ ಎದೆಯಲ್ಲಿ ನೀರು ತುಂಬಿ ಮಲಗಿದ್ದಾಳೆಂದು ಸುದ್ದಿ ಬಂತು. ನಾನು ಹೊರಡುತ್ತೇನೆ ಎಂದೆ. ಕೊಲ್ಹಾಪುರದಲ್ಲಿ ಪಾಸಪೋರ್ಟಿಗೆ ಫೋಟೋ ತೆಗೆಯುವವನು, "ಮಾವಶಿ, ಪದರ ಥೋಡಾ ಮಾಗೆ ಘ್ಯಾ," ಎಂದು ತಲೆಯ ಸೆರಗು ಸರಿಸಲು ಹೇಳಿದ. ನಾನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಕಾಗದಪತ್ರ ಕೈಗೆ ಬರುವಷ್ಟರಲ್ಲಿ ಅವಳ ಬೇನೆ ವಾಸಿಯಾಗಿತ್ತು. "ಈಗ ಬರುವ ಕಾರಣವಿಲ್ಲ" ಎಂದು ಬರೆದಳು. ಆದರೂ ಜೋಳದ ಹಿಟ್ಟು, ಶೇಂಗಾ ಚಟ್ನಿ, ನೀರು ಸೋಸುವ ಬಟ್ಟೆ ಕಟ್ಟಿಕೊಂಡು ನಮ್ಮೂರಿಗೆ ಹತ್ತಿರದ ಹಾತಕಣಂಗಲೆ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಬೇನೆ ಹೋದರೂ ಆ ಕಾಗದದಲ್ಲಿ ಅವಳ ಅಕ್ಷರ ಸೊರಗಿದಂತೆ ಕಂಡಿತ್ತು.

ಹಡಗು

ಹಡಗಿನಲ್ಲಿ ಎಲ್ಲರಿಗೂ ನಿದ್ದೆ ಕೆಡಿಸಿದ್ದು ಕೆಳಗಿನ ಯಂತ್ರದ ಸಪ್ಪಳ. ನನಗೆ ನಿದ್ದೆ ಬಂದದ್ದೇ ಅದರಿಂದ. ಇಚಲಕರಂಜಿಯ ಸೊಸೆಗೆ ಮಗ್ಗದ ಸದ್ದು ನಿಂತರೆ ಎಚ್ಚರವಾಗುತ್ತದೆ.

ಮೊದಲ ವಾರ ತಲೆ ಎತ್ತಲಾಗಲಿಲ್ಲ. ಎದ್ದ ಮೇಲೆ ಕಷ್ಟ ಬಂದದ್ದು ಹೊತ್ತಿನ ವಿಷಯದಲ್ಲಿ. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ, ನಿಮಗೆ ಗೊತ್ತು. ಅಲ್ಲಿ ಊಟದ ಗಂಟೆ ಹೊಡೆಯುವುದು ಕತ್ತಲಾದ ಮೇಲೆ. ಬಡಿಸುವವನಿಗೆ ಕೈಸನ್ನೆಯಲ್ಲಿ ಸೂರ್ಯನನ್ನು ತೋರಿಸಿ, ಆಮೇಲೆ ಬಾಯಿ ಮುಚ್ಚಿ ತೋರಿಸಿದೆ. ನನಗೆ ಬಿಸಿಲು ತಾಗಿ ಬಾಯಿ ಒಣಗಿದೆ ಎಂದು ತಿಳಿದು ನಿಂಬೆಹಣ್ಣಿನ ಶರಬತ್ತು ತಂದುಕೊಟ್ಟ. ದಿನವೂ ತರುತ್ತಿದ್ದ. ಕುಡಿಯದಿದ್ದರೆ ಅವನ ಮುಖ ಸಣ್ಣದಾಗುತ್ತಿತ್ತು, ಹೊತ್ತು ನೋಡಿಕೊಂಡು ಕುಡಿದುಬಿಡುತ್ತಿದ್ದೆ.

ಬೇರ್ಡ್‌ಬಾಯಿಯ ಮನೆ

ಎಡಿನ್‌ಬರೋ ಸ್ಟೇಷನ್ನಿನಲ್ಲಿ ಸುಮತಿ ಕಪ್ಪು ಕೋಟು ಹಾಕಿಕೊಂಡು ನಿಂತಿದ್ದಳು. ಕೋಟಿನೊಳಗೆ ಮೈ ಇತ್ತೋ ಇಲ್ಲವೋ ಎನ್ನುವ ಹಾಗಿದ್ದಳು.

"ಬರಬ್ಯಾಡ ಅಂತ ಬರದಿದ್ದೆ," ಎಂದಳು.

"ಓದೀನಿ," ಎಂದೆ.

ಅವಳು ಬೇರ್ಡ್ ಎಂಬ ಮುದುಕಿಯ ಮನೆಯಲ್ಲಿ ಎರಡು ಕೋಣೆ ಹಿಡಿದಿದ್ದಳು. ನಾನು ಆಕೆಯನ್ನು ಬೇರ್ಡ್‌ಬಾಯಿ ಎಂದು ಕರೆದೆ, ಆಕೆ ಅದಕ್ಕೇ ಓಗೊಡುತ್ತಿದ್ದಳು. ಆಕೆಯೂ ನನ್ನಂತೆ ಗಂಡನನ್ನು ಕಳೆದುಕೊಂಡವಳು. ಆದರೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದಳು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ನಾನು ಅಂಥದ್ದೊಂದು ಹಾಕಿಕೊಂಡು ಹೊರಟರೆ ಮಗ್ಗಗಳು ನಿಂತುಬಿಡುತ್ತಿದ್ದವು.

ನಾನು ಹೋದದ್ದು ಚಳಿಗಾಲದಲ್ಲಿ. ಆ ದೇಶದಲ್ಲಿ ಆಗ ನಮ್ಮ ಮಧ್ಯಾಹ್ನದ ಚಹಾದ ಹೊತ್ತಿಗೇ ಸೂರ್ಯ ಮುಳುಗಿಬಿಡುತ್ತಾನೆ. ಸುಮತಿ ಮನೆಗೆ ಬರುವಾಗ ಆಗಲೇ ಕತ್ತಲಾಗಿರುತ್ತಿತ್ತು. ಅವಳು ಇಷ್ಟು ದಿನ ಏನು ಮಾಡುತ್ತಿದ್ದಳೆಂದು ಆಗ ತಿಳಿಯಿತು. ಮಧ್ಯಾಹ್ನ ಬಿಡುವಿಲ್ಲ, ಸಂಜೆ ಉಣ್ಣುವ ಹಾಗಿಲ್ಲ, ಬೆಳಗ್ಗೆ ಹೊತ್ತು ಹುಟ್ಟುವುದೂ ತಡ. ಒಂದು ಹೊತ್ತಿನ ಊಟದ ಮೇಲೆ ಮೂರು ಚಳಿಗಾಲ ಕಳೆದಿದ್ದಾಳೆ. ಮರುದಿನದಿಂದ ನಾನು ರೊಟ್ಟಿ ಪಲ್ಯ ಕಟ್ಟಿಕೊಂಡು ಹಗಲಿರುವಾಗಲೇ ಅವಳ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತೆ. ನಾಚಿಕೆಯಿಂದ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ, ಆದರೆ ತಪ್ಪಿಸಲಿಲ್ಲ.

ನೀರಿನದೊಂದು ಫಜೀತಿ ಆಯಿತು. ನಾನು ನಳದ ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ನೋಡಿ ಬೇರ್ಡ್‌ಬಾಯಿಗೆ ಬೇಸರವಾಯಿತು. ಅವರ ನೀರು ಕೊಳಕಲ್ಲವಂತೆ. ಕೊಳಕು ತೆಗೆಯಲು ಸೋಸುವುದಲ್ಲ, ಅದರಲ್ಲಿರುವ ಜೀವ ನಮ್ಮ ಹೊಟ್ಟೆಯಲ್ಲಿ ಸಾಯಬಾರದೆಂದು ಸೋಸುವುದು ಎಂದು ಸುಮತಿ ತಿಳಿಸಿದಳು. ಸೋಸಿದ ಬಟ್ಟೆಯನ್ನು ಜಾಲಾಡಿಸಿ ಆ ನೀರನ್ನು ಬಂದ ಬಾವಿಗೇ ಬಿಡಬೇಕು. ಇಲ್ಲಿ ಬಾವಿ ಎಲ್ಲಿ? ಗುಡ್ಡದ ಕೆರೆಯಿಂದ ಕೊಳವೆಯಲ್ಲಿ ಬರುತ್ತದಂತೆ. ನಾನು ಒಂದು ತಂಬಿಗೆಯಲ್ಲಿ ತುಂಬಿಕೊಂಡು ಮನೆಯ ಹಿಂದೆ ಹರಿಯುವ ಹಳ್ಳಕ್ಕೆ ದಿನವೂ ಬಿಟ್ಟುಬರುತ್ತಿದ್ದೆ. ಹಿಮ ಬಿದ್ದು ಕಾಲು ಜಾರಿ ಕೂತೆ ಒಂದು ದಿನ. ಮಕ್ಕಳೇ, ಹಿಮ ನೋಡಲು ಹತ್ತಿಯಂತಿರುತ್ತದೆ, ಕೂತರೆ ಬಂಡೆ. ಬೇರ್ಡ್‌ಬಾಯಿ ನನ್ನನ್ನು ಎಬ್ಬಿಸಿ, ತಂಬಿಗೆ ಕಸಿದುಕೊಂಡು ತಾನೇ ಹೋಗಿ ಹಳ್ಳಕ್ಕೆ ಸುರಿದು ಬಂದಳು. ಅಂದೇ ಆಕೆ ನನಗೆ ಜಾರದ ರಬ್ಬರ್ ಬೂಟು ಕೊಟ್ಟಳು. ಒಂಬತ್ತು ವಾರಿ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ತಿರುಗಿದೆ.

ಕರಿ ಮರ

ಪ್ರಯೋಗಶಾಲೆಯಲ್ಲಿ ಸುಮತಿ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ನೋಡಿದರೆ ಹಳದಿ ನೆಲದ ಮೇಲೆ ಕರಿ ಮರ. ನಡುವೆ ಒಂದು ಗಡ್ಡೆ, ಅದರಿಂದ ಎಲ್ಲ ಕಡೆಗೆ ಟೊಂಗೆ, ಟೊಂಗೆಯಿಂದ ಟಿಸಿಲು. ಅದು ಮನುಷ್ಯನ ಬೆನ್ನುಹುರಿಯ ಒಂದೇ ಒಂದು ನರಕೋಶವಂತೆ. ಆಸ್ಪತ್ರೆಯಲ್ಲಿ ತೀರಿಕೊಂಡ ಯಾರೋ ಪುಣ್ಯಾತ್ಮ ತನ್ನ ದೇಹವನ್ನು ಓದುವವರಿಗೆ ಬಿಟ್ಟುಕೊಟ್ಟಿದ್ದ. ಹೀಗೆ ತಾನಾಗಿ ತೀರಿಕೊಂಡವರದಷ್ಟೇ ಸುಮತಿ ಮುಟ್ಟುತ್ತಿದ್ದಳು.

"ಈ ಟೊಂಗಿ ಮ್ಯಾಲೆಲ್ಲ ಬ್ಯಾರೆ ಬ್ಯಾರೆ ನರದಿಂದ ಸುದ್ದಿ ಬಂದ ಬೀಳತಾವ ಅವ್ವಾ," ಎಂದಳು. "ಸಾವಿರಗಟ್ಟಲೆ. ಒಂದೊಂದು ಸುದ್ದಿ ಅಂದ್ರ ಒಂದ ಸಣ್ಣ ವಿದ್ಯುತ್ತಿನ ಏರು. ಅವೆಲ್ಲ ಹರಕೋಂತ ಈ ನಡುವಿನ ಒಡಲಿಗೆ ಬರಬೇಕು. ಒಡಲಿನ್ಯಾಗ ಒಂದ ಮಟ್ಟ ದಾಟಿತಂದ್ರ ಇದು ಮುಂದಿನವರಿಗೆ ಸುದ್ದಿ ಕಳಸ್ತೈತಿ. ಕಾಲ ಝಾಡಸ್ತೈತಿ. ದಾಟಲಿಲ್ಲಂದ್ರ ಸುಮ್ಮ ಕುಂಡ್ರತೈತಿ."

"ಮತ್ತ ಇದರಾಗ ನಿನ್ನ ತಂಟೆ ಏನು?"

"ದೂರದ ಟೊಂಗಿ ತುದಿಗೆ ಬಿದ್ದ ಸುದ್ದಿ ದಾರ್‍ಯಾಗ ಸೋರತಾವ. ಒಡಲಿಗೆ ಮುಟ್ಟೂದ್ರಾಗ ಅದು ಸಣ್ಣದು ಆಗಿರತೈತಿ, ತಡಾ ಆಗಿರತೈತಿ. ಅದಕ್ಕ ಭಾಳ ಮಂದಿ ಪಂಡಿತರು ಅವು ಲೆಕ್ಕಕ್ಕಿಲ್ಲ ಅಂತಾರ. ಒಡಲ ಸನಿಹ ಬಿದ್ದವಷ್ಟ ಲೆಕ್ಕಕ್ಕ. ನಾ ಹಂಗ ಅನ್ನಂಗಿಲ್ಲ. ದೂರದ್ದು ಸಣ್ಣದಾದ್ರೂ ನಿಧಾನ ಏರಿ ಭಾಳ ಹೊತ್ತ ನಿಂದರತೈತಿ. ಅದು ನಿಂತಾಗ ಸನಿಹದ್ದು ಬಂದ್ರ ಎರಡೂ ಕೂಡತಾವ."

ನನ್ನ ಕಣ್ಣಿಗೆ ಆ ಮರ ಮರವಾಗಿ ಕಾಣುತ್ತಿರಲಿಲ್ಲ. ತವರಿನ ಹೊಳೆಗೆ ಹಳ್ಳಗಳು ಬಂದು ಸೇರುವ ಹಾಗೆ ಕಾಣುತ್ತಿತ್ತು. ಹಿಂಜರಿಯುತ್ತ ಹೇಳಿದೆ. ಪಡುವಣ ಘಟ್ಟದಲ್ಲಿ ಮಳೆ ಬಿದ್ದರೆ ನಮ್ಮ ಹಿರಣ್ಯಕೇಶಿಗೆ ನೀರು ಬರುವುದು ಎಷ್ಟೋ ಹೊತ್ತಿನ ಮೇಲೆ, ಅದೂ ನಿಧಾನವಾಗಿ. ಊರಲ್ಲಿ ಮೊದಲು ಮಳೆಯಾಗಿ ಹಳ್ಳದ ನೀರೆಲ್ಲ ಹರಿದುಹೋದ ಮೇಲೆ ಘಟ್ಟದ ನೀರು ಬಂದರೆ ಹೊಳೆ ದಂಡೆ ಮೀರುವುದಿಲ್ಲ. ಘಟ್ಟದ ನೀರು ಬಂದು ನಿಂತಿರುವಾಗ ಊರಲ್ಲೂ ಸುರಿದರೆ ಮಾತ್ರ ಗದ್ದೆ ಮುಳುಗುತ್ತದೆ. ಅಷ್ಟೇ ಮಳೆ, ಹಿಂದುಮುಂದು ಆದದ್ದಷ್ಟೇ ವ್ಯತ್ಯಾಸ. ನಮ್ಮಪ್ಪ ಘಟ್ಟದ ಮೋಡ ನೋಡಿಯೇ ದನ ಮೇಲಕ್ಕೆ ಹೊಡೆಯುತ್ತಿದ್ದ.

"ಹೌದ ನೋಡವ್ವಾ, ಅದನ್ನ ನಾ ಲೆಕ್ಕ ಮಾಡಾಕತ್ತೇನಿ," ಎಂದಳು. "ಮೊದಲ ದೂರದ್ದು, ಆಮ್ಯಾಲ ಸನಿಹದ್ದು ಬಂದ್ರ ಮಟ್ಟ ದಾಟತೈತಿ. ಮೊದಲ ಸನಿಹದ್ದು ಬಂದ್ರ ಇಲ್ಲ. ಆದ್ರ ಹೊಳಿ ಅಂದ್ಕೊಂಡ ಪೂರಾ ನಂಬಬ್ಯಾಡ. ಹೊಳಿ ಒಂದ ಕಡೆ ಹರೀತೈತಿ. ಇದು ಒಳಗೂ ಹೊರಗೂ ಎರಡೂ ಕಡೆ ಹರೀತೈತಿ. ಮತ್ತ ಎಲ್ಲಾ ಸುದ್ದಿ ಒಂದ ಟಿಸಿಲಿಗೆ ಬಂದ ಬಿದ್ರ ಒಂದರ ಕಾಲಾಗ ಒಂದು ಸಿಕ್ಕೊಂಡ ಕಡಿಮಿ ಆಗತಾವ. ಬ್ಯಾರೆ ಬ್ಯಾರೆ ಟೊಂಗಿಗೆ ಹಂಚಿ ಬಿದ್ರ ಹೆಚ್ಚ ಕೂಡತಾವ."

"ಇದೆಲ್ಲ ಎಷ್ಟ ಹೊತ್ತಿನ್ಯಾಗ ಆಕ್ಕೈತಿ?"

"ನೀ ಕಣ್ಣ ಮುಚ್ಚಿ ತಗ್ಯೂದ್ರಾಗ ಎಲ್ಲಾ ಮುಗದಿರತೈತಿ."

ಹಿಡಿಕೆಯ ಯಂತ್ರ

ಲೆಕ್ಕಕ್ಕೆ ಅವಳು ಟೊಂಗೆಯನ್ನು ತುಂಡುತುಂಡಾಗಿ ಭಾಗ ಮಾಡಿಕೊಂಡಿದ್ದಳು. ಪ್ರತಿ ತುಂಡೂ ಸೋರುವ ಒಂದು ಕೊಡವಿದ್ದಂತೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೋಯಿತು, ಎಷ್ಟು ಸೋರಿತು, ಎಷ್ಟು ಉಳಿಯಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಮಾಡಬೇಕು. ಅದಕ್ಕೆ ಹಿಡಿಕೆ ತಿರುಗಿಸಿದರೆ ಕೂಡಿ ಗುಣಿಸಿ ಕೊಡುವ ಒಂದು ಕಬ್ಬಿಣದ ಯಂತ್ರವಿತ್ತು. ಬೇನೆಯಿಂದ ಎದ್ದ ಅವಳ ಕೈ ಬೇಗ ಸೋಲುತ್ತಿತ್ತು. "ತಿರಗಸೂದ ನನಗ ಕೊಡು," ಎಂದೆ. ಅವಳು ಅಂಕಿ ಜೋಡಿಸಿ "ಆರು" ಎಂದರೆ ಆರು ಸುತ್ತು. "ಮೂರು" ಎಂದರೆ ಮೂರು.

ಮೊದಲ ದಿನವೇ ಕೆಡಿಸಿದೆ. ಬೀಸುವ ಕಲ್ಲಿನ ಮುಂದೆ ಬೆಳೆದ ಕೈ ಇದು. ಕಾಳು ಇರುವ ತನಕ ತಿರುಗಿಸುವುದು ಗೊತ್ತು, ಎಣಿಸಿ ನಿಲ್ಲಿಸುವುದು ಗೊತ್ತಿಲ್ಲ. ನಾಲ್ಕು ಎಂದದ್ದಕ್ಕೆ ಎಷ್ಟು ತಿರುಗಿಸಿದೆನೋ, ಬಾಯಲ್ಲಿ ಬೀಸುವ ಹಾಡು ಬೇರೆ ಸುರುವಾಗಿತ್ತು. ಅಂಕಿ ಮಿತಿ ಮೀರಿತೆಂದು ಯಂತ್ರ ಗಂಟೆ ಬಾರಿಸಿತು. ಮಧ್ಯಾಹ್ನದ ಲೆಕ್ಕವೆಲ್ಲ ಹೋಯಿತು.

ಸುಮತಿ ತಲೆ ಹಿಡಿದುಕೊಂಡಳು. "ಅವ್ವಾ, ಇದರಾಗಿಂದ ಹಿಟ್ಟ ಬರೂದಿಲ್ಲ."

"ಮತ್ತ ಏನ ಬರತೈತಿ?"

"ನೀ ಹಿಂಗ ತಿರಗಿಸಿದ್ರ ನಾನೂ ನೀನೂ ಹಾತಕಣಂಗಲೆಗೆ ತಿರುಗಿ ಹೋಗೂದ ಬರತೈತಿ."

ಆಮೇಲೆ ಹಾಡುವುದನ್ನು ಬಿಟ್ಟೆ. ಪ್ರತಿ ಸುತ್ತಿಗೂ ಒಬ್ಬ ತೀರ್ಥಂಕರರ ಹೆಸರು ಹೇಳುವ ರೂಢಿ ಮಾಡಿಕೊಂಡೆ. ಅವಳು ಆರು ಎಂದರೆ ಆರನೆಯ ಪದ್ಮಪ್ರಭನಿಗೆ ನಿಲ್ಲುತ್ತಿದ್ದೆ. ಮತ್ತೆ ಗಂಟೆ ಬಾರಿಸಲಿಲ್ಲ. ಚಳಿಗಾಲವೆಲ್ಲ ತಿರುಗಿಸಿದೆ. ಉಣ್ಣುತ್ತ ಉಣ್ಣುತ್ತ ಅವಳ ಮೈಗೂ ಕೋಟು ಹೊಂದಿತು. ಆ ಲೆಕ್ಕದ ಅರ್ಥ ನನಗೆ ಗೊತ್ತಿಲ್ಲ, ಆದರೆ ಕೊನೆಗೆ ಅವಳು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದಳು. ಸನಿಹದ್ದು ಮೊದಲು ಬಂದ ಗೆರೆ ಗುಡ್ಡೆಯಷ್ಟೇ ಎದ್ದು ಇಳಿದಿತ್ತು. ದೂರದ್ದು ಮೊದಲು ಬಂದ ಗೆರೆ ಮೇಲೆ ಎಳೆದಿದ್ದ ಮಟ್ಟದ ಅಡ್ಡಗೆರೆಯನ್ನು ದಾಟಿತ್ತು.

ಬೆಕ್ಕು

ಆ ಎರಡು ಗೆರೆಯನ್ನು ಅವಳ ಪ್ರೊಫೆಸರರು ಬಹಳ ಹೊತ್ತು ನೋಡಿದರಂತೆ. ಚೆನ್ನಾಗಿದೆ ಎಂದರಂತೆ. ಆದರೆ ಲೆಕ್ಕ ಲೆಕ್ಕವೇ. ತಮ್ಮ ವಿಭಾಗದಲ್ಲಿ ದೊಡ್ಡ ಡಿಗ್ರಿ ಬೇಕೆನ್ನುವವರು ಜೀವಂತ ಕೋಶಕ್ಕೆ ತಮ್ಮ ಕೈಯಿಂದ ಸೂಜಿ ಇಟ್ಟು ಅಳೆದು ತೋರಿಸಬೇಕು. ಬೇಸಿಗೆಯೊಳಗೆ ಅದಾಗಬೇಕು. ಇಲ್ಲದಿದ್ದರೆ ಕೆಳಗಿನ ಡಿಗ್ರಿ ತೆಗೆದುಕೊಂಡು ಊರಿಗೆ ಹೋಗಬಹುದು.

ಜೀವಂತ ಕೋಶ ಎಂದರೆ ಬೆಕ್ಕಿನದು. ಅದಕ್ಕೆ ಅರಿವು ತಪ್ಪುವ ಔಷಧ ಕೊಟ್ಟು, ಬೆನ್ನುಹುರಿ ತೆರೆದು, ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿ ಇಡುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಎಬ್ಬಿಸುವುದಿಲ್ಲ.

ಸುಮತಿ ಮನೆಗೆ ಬಂದು ಬೂಟು ಬಿಚ್ಚದೆ ಹಾಗೇ ಕೂತಳು. "ನೋವ ಗೊತ್ತಾಗಂಗಿಲ್ಲ ಅವ್ವಾ ಅದಕ್ಕ," ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ.

"ಬ್ಯಾರೆ ದಾರಿ ಇಲ್ಲೇನು?"

"ಒಂದ ಐತಿ. ನನ್ನ ಜೋಡಿ ಓದೂ ಡೇವಿಡ್ ಅನ್ನಾಂವ ಅದಾನ. ನಾ ಸೂಜಿ ಇಡತೇನಿ, ನೀ ಬರೇ ಅಳತಿ ಮಾಡು ಅಂತಾನ. ಪ್ರೊಫೆಸರರು ಕಣ್ಣ ಮುಚ್ಚಿಕೋತಾರಂತ."

ನಮ್ಮ ಮನೆಯ ಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವುದನ್ನು ನಿಮಗೂ ಕಲಿಸಿದ್ದೇನೆ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಂತೋಷಪಡುವುದು, ಈ ಮೂರಕ್ಕೂ ಒಂದೇ ತೂಕ. ಡೇವಿಡ್‌ನ ಕೈಗೂ ಅವಳ ಕೈಗೂ ಹೆಚ್ಚು ಕಡಿಮೆ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಹೇಳುವಾಗ ನೆಲ ನೋಡುತ್ತಿದ್ದಳು.

ಎರಡು ದಿನ ಹೋಯಿತು. ನಾನು ಹಳ್ಳದ ದಂಡೆಯಲ್ಲಿ ತಂಬಿಗೆ ಹಿಡಿದು ನಿಂತು ಯೋಚಿಸಿದೆ. ಮೂರು ವರ್ಷದ ಅವಳ ಹಸಿವು ಕಣ್ಣ ಮುಂದೆ ಬಂತು. ಆ ಎರಡು ಗೆರೆ ಬಂತು. ಬಾಳಗೌಡರ ಕಟ್ಟೆ ಬಂತು, ದೊಡ್ಡ ಡಿಗ್ರಿ ತರುತ್ತಾಳೆಂದು ನಾನು ಆಡಿದ ಮಾತು ಬಂತು. ಅವಳು ಅದಿಲ್ಲದೆ ಹೋದರೆ ಹೆಣ್ಣುಮಕ್ಕಳನ್ನು ಓದಲು ಕಳಿಸಬೇಕೆನ್ನುವವರಿಗೆ ನಮ್ಮ ಓಣಿಯಲ್ಲಿ ಇನ್ನು ಯಾರೂ ಕಿವಿಗೊಡುವುದಿಲ್ಲ. ನಾನು ಒಂದು ನಿರ್ಧಾರಕ್ಕೆ ಬಂದೆ.

ಮರುದಿನ ರೊಟ್ಟಿಯ ಗಂಟು ಬಿಚ್ಚುತ್ತ ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಹೇಳಿದೆ. "ಸುಮ್ಮಿ, ವ್ರತಕ್ಕ ನಿನ್ನ ಕರಕೊಂಡ ಹೋದಾಕಿ ನಾನು. ನೀ ಸೂಜಿ ಇಡು. ಆ ಪಾಪ ನನಗಿರಲಿ. ಊರಿಗೆ ಹೋಗಿ ನಾ ಮುನಿಗಳ ಮುಂದ ನಿಂದರತೇನಿ, ಅವರು ಏನ ಪ್ರಾಯಶ್ಚಿತ್ತ ಹೇಳತಾರ ಮಾಡತೇನಿ."

ಅವಳು ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ನಾನು ಹೀಗೆ ಅನ್ನಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಪಾಪ ಹಂಗ ಒಬ್ಬರದ ಒಬ್ಬರು ಹೊರಾಕ ಬರತೈತೇನವ್ವಾ? ನೀನ ಕಲಿಸಿದಾಕಿ."

"ಬರಂಗಿಲ್ಲ, ಗೊತ್ತೈತಿ. ಆದ್ರೂ ಹೇಳಾಕತ್ತೇನಿ."

"ಯಾಕ?"

"ನೀ ಬರಿಗೈಲೇ ಬಂದ್ರ ನನ್ನಿಂದ ನೋಡಾಕ ಆಗಂಗಿಲ್ಲ."

ಅವಳು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ರೊಟ್ಟಿ ಪೂರ್ತಿ ಮುಗಿಸಿದಳು. ಕೈ ಒರೆಸಿಕೊಂಡು, "ಬರಿಗೈಲೇ ಯಾಕ ಬರತೇನಿ," ಎಂದಳು. "ನಡಿ. ನೀನೂ ಬಾ."

ಪ್ರೊಫೆಸರರ ಕೋಣೆ

ಪ್ರೊಫೆಸರರು ಎತ್ತರದ, ಬಾಗಿದ ಮನುಷ್ಯ. ನನ್ನನ್ನು ಕಂಡು ಎದ್ದು ಕುರ್ಚಿ ಸರಿಸಿದರು. ನಾನು ಕೂರಲಿಲ್ಲ, ಬಾಗಿಲ ಹತ್ತಿರ ಸೆರಗು ಹಿಡಿದು ನಿಂತೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಆಮೇಲೆ ಸುಮತಿ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ತಾನು ಸೂಜಿ ಇಡುವುದಿಲ್ಲ, ಬೇರೆಯವರಿಂದ ಇಡಿಸುವುದೂ ಇಲ್ಲ ಎಂದಳು. ಪ್ರೊಫೆಸರರು ಕಾರಣ ಕೇಳಿದರು, ಹೇಳಿದಳು. ಅವರು ನಗಲಿಲ್ಲ. ಹಾಗಾದರೆ ನಿನ್ನ ಲೆಕ್ಕ ನಿಜವೆಂದು ಯಾರು ನಂಬಬೇಕು ಎಂದು ಕೇಳಿದರು. ಯಾರೂ ನಂಬುವುದು ಬೇಡ, ತಪ್ಪಿದ್ದರೆ ತಪ್ಪೆಂದು ತೋರಿಸಲು ಬರುವ ಹಾಗೆ ಬರೆದು ಅಚ್ಚು ಹಾಕಿಸುತ್ತೇನೆ ಎಂದಳು. ದೂರದ ಟೊಂಗೆಯ ಸುದ್ದಿ ಒಡಲಲ್ಲಿ ಯಾವ ಆಕಾರದಲ್ಲಿ ಏರಬೇಕು, ಎಷ್ಟು ತಡವಾಗಿ ಏರಬೇಕು, ಹಿಂದುಮುಂದಾದರೆ ಏನಾಗಬೇಕು, ಎಲ್ಲವನ್ನೂ ಮೊದಲೇ ಹೇಳಿಬಿಡುತ್ತೇನೆ. ಹಾಗಾಗದಿದ್ದರೆ ಆ ತಪ್ಪು ನನ್ನ ಹೆಸರಿಗೆ ಅಂಟಿಕೊಂಡಿರಲಿ ಎಂದಳು.

"ಆದರೆ ಡಿಗ್ರಿ ಕೆಳಗಿನದೇ," ಎಂದರು ಪ್ರೊಫೆಸರರು. "ನಿಯಮ ನನ್ನೊಬ್ಬನದಲ್ಲ."

"ಗೊತ್ತಿದೆ."

"ಅದರಿಂದ ಎಲ್ಲೂ ಸಂಶೋಧನೆಯ ಕೆಲಸ ಸಿಗುವುದಿಲ್ಲ."

"ಗೊತ್ತಿದೆ."

ಅವರು ಪೆನ್ನು ಕೆಳಗಿಟ್ಟರು. ಲೇಖನ ತಂದುಕೊಡು, ನಾನು ಓದಿ ತಿದ್ದುತ್ತೇನೆ, ಆದರೆ ನನ್ನ ಹೆಸರು ಹಾಕಬೇಡ, ನನಗೆ ಅದರಲ್ಲಿ ಇನ್ನೂ ನಂಬಿಕೆಯಿಲ್ಲ ಎಂದರು. ನಾವು ಹೊರಡುವಾಗ ಅವರೇ ಎದ್ದು ಬಂದು ಬಾಗಿಲು ತೆರೆದರು. ನನ್ನ ಬೂಟನ್ನೂ ಸೀರೆಯನ್ನೂ ನೋಡಿದರು, ಏನೋ ಹೇಳಿದರು.

"ಏನಂದ್ರು?" ಎಂದು ಮೆಟ್ಟಿಲಲ್ಲಿ ಕೇಳಿದೆ.

"ನನ್ನ ಹಟ ಎಲ್ಲಿಂದ ಬಂದದ್ದಂತ ಗೊತ್ತಾತಂತ."

ಅವಳ ಲೇಖನ ಅಚ್ಚಾಯಿತು. ಸಣ್ಣ ಡಿಗ್ರಿಯನ್ನು ಕೊಟ್ಟರು. ಬೇರ್ಡ್‌ಬಾಯಿ ನಮ್ಮನ್ನು ಸ್ಟೇಷನ್ನಿಗೆ ಕಳಿಸಲು ಬಂದು ಬೂಟನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಚಲಕರಂಜಿಯ ಮಳೆಗಾಲದ ಕೆಸರಿನಲ್ಲಿ ಅದು ನನಗೆ ಚೆನ್ನಾಗಿ ಬಾಳಿತು. ಬಾಳಗೌಡರು ಡಿಗ್ರಿಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ ಅಷ್ಟ ದೊಡ್ಡದಲ್ಲ ಅಂತಾರಲ್ಲ ವೈನಿ?" ಎಂದರು.

"ಹೌದ್ರಿ, ಸಣ್ಣದ," ಎಂದೆ. ಅವರು ಇನ್ನೇನೋ ಹೇಳಲಿದ್ದರು. ನಾನು ತಲೆ ತಗ್ಗಿಸಲಿಲ್ಲ, ಅವರು ಕಾಗದ ಮಡಿಚಿ ಕೊಟ್ಟರು.

ಗಡಹಿಂಗ್ಲಜ

ಸುಮತಿ ಗಡಹಿಂಗ್ಲಜದಲ್ಲಿ ದವಾಖಾನೆ ತೆಗೆದದ್ದು, ಅವಳ ಜೊತೆಗಿರಲು ನಾನೂ ಇಲ್ಲಿಗೆ ಬಂದದ್ದು ನಿಮಗೆ ಗೊತ್ತು. ಹಗಲೆಲ್ಲ ಕೆಮ್ಮು, ಜ್ವರ, ಹೆರಿಗೆ. ಬಿಡುವು ಸಿಕ್ಕಾಗ ಅವಳು ಆ ಟೊಂಗೆಗಳ ಲೆಕ್ಕವನ್ನು ಈಗಲೂ ಮಾಡುತ್ತಾಳೆ. ಯಂತ್ರವಿಲ್ಲ, ಕೈಯಲ್ಲೇ ಮಾಡುತ್ತಾಳೆ. ಅದೇಕೆ ಎಂದು ನೀವು ಕೇಳಿದಿರಿ. ಅವಳಿಗೆ ಆ ಕೆಲಸ ಬಿಟ್ಟಿದ್ದೇನೆ ಎನಿಸಿಯೇ ಇಲ್ಲ, ಅದಕ್ಕೆ.

ಕೆಲವು ವರ್ಷ ಹೀಗೇ ಹೋದವು. ಕಳೆದ ಸುಗ್ಗಿಯಲ್ಲಿ ಹೊರದೇಶದಿಂದ ಅಂಚೆಯಲ್ಲಿ ಒಂದು ಪತ್ರಿಕೆ ಬಂತು. ದವಾಖಾನೆಯಲ್ಲಿ ಮಂದಿ ಕಾಯುತ್ತಿದ್ದರೂ ಅವಳು ಅದನ್ನು ನಿಂತೇ ಓದಿದಳು. ಎಲ್ಲೋ ದೂರದ ಪ್ರಯೋಗಶಾಲೆಯಲ್ಲಿ ಯಾರೋ ಸೂಜಿ ಇಟ್ಟು ಅಳೆದಿದ್ದರು. ದೂರದ ಟೊಂಗೆಯ ಸುದ್ದಿ ಒಡಲಿಗೆ ಬಂದು ಮುಟ್ಟುತ್ತದೆ. ತಡವಾಗಿ, ತಗ್ಗಾಗಿ, ಅಗಲವಾಗಿ, ಅವಳು ಗೆರೆ ಎಳೆದ ಆಕಾರದಲ್ಲೇ ಏರುತ್ತದೆ. ಲೆಕ್ಕಕ್ಕಿಲ್ಲ ಎಂದವರು ಈಗ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅವಳ ಹೆಸರು ಅದರಲ್ಲಿರಲಿಲ್ಲ. ಅದನ್ನು ಹುಡುಕಿಸಿದವಳು ನಾನು, ಅವಳಾಗಿ ಹುಡುಕಿರಲಿಲ್ಲ. ಅವಳು ಒಳಗೆ ಬಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಬರತಾವಂತವ್ವಾ, ಬರತಾವಂತ. ನಾ ಅಂದಂಗ." ಅವಳು ಹಾಗೆ ನಗುವುದನ್ನು ನಾನು ಅವಳ ಚಿಕ್ಕಂದಿನಲ್ಲಿ ನೋಡಿದ್ದೆ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಹೊರಗೆ ಕೂತ ಮಂದಿ ಬಾಗಿಲಲ್ಲಿ ಇಣುಕಿದರು.

ಸಂಜೆ ಅವಳಿಗಿಷ್ಟವೆಂದು ಹೋಳಿಗೆ ಮಾಡಿದೆ. ಹೊತ್ತು ಇಳಿಯುತ್ತಿತ್ತು.

"ಬಾ ಸುಮ್ಮಿ, ಹೊತ್ತ ಮುಳಗತೈತಿ."

ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಪತ್ರಿಕೆ ತೊಡೆಯ ಮೇಲಿತ್ತು.

"ನನಗ ಇವತ್ತ ಉಪಾಸ ಅವ್ವಾ."

"ಇವತ್ತ ಯಾವ ಉಪಾಸ? ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ."

"ಅಳತಿ ಮಾಡಾಕ ಅವರು ಎಷ್ಟ ಬೆಕ್ಕ ತಗೊಂಡಿದ್ರು ಅಂತ ಇದರಾಗ ಬರದಾರ." ಪತ್ರಿಕೆ ಮುಚ್ಚಿದಳು. "ಓದಿ ನನಗ ಭಾಳ ಸಂತೋಷ ಆತಲ್ಲ. ಮೂರಕ್ಕೂ ಒಂದ ತೂಕ ಅಂತ ನೀನ ಕಲಿಸಿದಾಕಿ."

ಹೋಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ, ಅವಳ ತಾಟು ತೆಗೆದಿಟ್ಟೆ. ಆಮೇಲೆ ನನ್ನ ತಾಟನ್ನೂ ತೆಗೆದಿಟ್ಟು ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳಿಗಿಂತ ಹೆಚ್ಚು ಸಂತೋಷ ನನಗಾಗಿತ್ತು.